23 ಇವೆಂಟ್, 15 ಮಕ್ಕಳು: ಸೈನ್ಸ್ ಒಲಿಂಪಿಯಾಡಿಗೆ ಹೊಸ ತಂಡವನ್ನು ಸಜ್ಜುಗೊಳಿಸುವುದು ಹೇಗೆ?

ಪ್ರಶ್ನೆ: ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮಗಳು ಏಳನೇ ಕ್ಲಾಸು. ಅವಳ ಮಿಡ್ಲ್ ಸ್ಕೂಲಿನಲ್ಲಿ ಈ ವರ್ಷ ಮೊದಲ ಸಲ ಸೈನ್ಸ್ ಒಲಿಂಪಿಯಾಡ್ ತಂಡ ಕಟ್ಟುತ್ತಿದ್ದಾರೆ. ಪೋಷಕರಲ್ಲಿ ಯಾರಾದರೂ ಸಹಾಯಕ ಕೋಚ್ ಆಗಬೇಕೆಂದು ಟೀಚರ್ ಕೇಳಿದಾಗ ಒಪ್ಪಿಕೊಂಡೆ. ಈಗ ನಿಯಮಗಳ ಪುಸ್ತಕ ತೆರೆದು ಕೂತರೆ ಎಲ್ಲಿಂದ ಹಿಡಿಯುವುದು ಎಂದೇ ತಿಳಿಯುತ್ತಿಲ್ಲ. ನಾನು ಸಾಫ್ಟ್‌ವೇರಿನವಳು, ಮರ, ಅಂಟು, ಗರಗಸ ಮುಟ್ಟಿದವಳಲ್ಲ. 23 ಇವೆಂಟುಗಳನ್ನು 15 ಮಕ್ಕಳಿಗೆ ಹಂಚುವುದು ಹೇಗೆ? ನಿಯಮಗಳನ್ನು ಅವರ ತಲೆಗೆ ಹತ್ತಿಸುವುದು ಹೇಗೆ? ಮಗಳೂ ತಂಡದಲ್ಲಿರುವುದರಿಂದ ಬೇರೆ ಅಪ್ಪ ಅಮ್ಮಂದಿರು ಏನಂದುಕೊಳ್ಳುತ್ತಾರೋ ಎಂಬ ಅಳುಕೂ ಇದೆ.

ಉತ್ತರ: ಗರಗಸದ ಚಿಂತೆ ಆಮೇಲೆ. ಮೊದಲು ಈ ಸ್ಪರ್ಧೆಯಲ್ಲಿ ಅಂಕ ಎಣಿಸುವ ಕ್ರಮವನ್ನು ತಿಳಿದುಕೊಳ್ಳಿ. ಯಾರಿಗೆ ಯಾವ ಇವೆಂಟ್, ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬ ತೀರ್ಮಾನಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಊರಿನ ನೆಂಟರಿಗೆ ಒಲಿಂಪಿಯಾಡ್ ಎಂದರೆ ಒಬ್ಬೊಬ್ಬರೇ ಕೂತು ಬರೆಯುವ ಪರೀಕ್ಷೆ. ಶಾಲೆಯಲ್ಲಿ ದುಡ್ಡು ಕಟ್ಟಿ ಬರೆಯುವುದಾಗಲಿ, ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಭಾರತದ ತಂಡ ಆರಿಸಲು ನಡೆಸುವುದಾಗಲಿ. ಅಮೆರಿಕದ ಸೈನ್ಸ್ ಒಲಿಂಪಿಯಾಡ್ ಬೇರೆಯದೇ ಜಾತಿ. 1984ರಲ್ಲಿ ಸಂಸ್ಥೆ ಶುರುವಾಯಿತು, ಮರುವರ್ಷ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೊದಲ ರಾಷ್ಟ್ರೀಯ ಟೂರ್ನಮೆಂಟ್ ನಡೆಯಿತು. 23 ಬೇರೆ ಬೇರೆ ವಿಷಯದ ಸ್ಪರ್ಧೆಗಳಿರುತ್ತವೆ, ಇವೆಂಟ್ ಎಂದರೆ ಅವೇ: ಕೆಲವು ಬರೆಯುವ ಪರೀಕ್ಷೆ, ಕೆಲವು ಲ್ಯಾಬಿನ ಕೆಲಸ, ಕೆಲವಕ್ಕೆ ಮಕ್ಕಳೇ ಸಾಧನ ಕಟ್ಟಿ ತರಬೇಕು. ಇಲ್ಲಿ ಗೆಲ್ಲುವುದು, ಸೋಲುವುದು ತಂಡ. ನಿಮ್ಮದು ಡಿವಿಷನ್ ಬಿ: 6ರಿಂದ 9ನೇ ತರಗತಿಯ ಮಕ್ಕಳು, ಹೆಚ್ಚೆಂದರೆ 15 ಮಂದಿ, ಅದರಲ್ಲಿ 9ನೇ ತರಗತಿಯವರು ಐದಕ್ಕಿಂತ ಹೆಚ್ಚಿರುವಂತಿಲ್ಲ.

ಪ್ರತಿ ಇವೆಂಟಿನಲ್ಲಿ ನಿಮ್ಮ ಮಕ್ಕಳಿಗೆ ಎಷ್ಟನೇ ಸ್ಥಾನ ಬಂತೋ ಅಷ್ಟೇ ಅಂಕ. ಮೊದಲ ಸ್ಥಾನಕ್ಕೆ 1, ಹತ್ತನೇ ಸ್ಥಾನಕ್ಕೆ 10. 23 ಇವೆಂಟುಗಳ ಅಂಕ ಕೂಡಿದಾಗ ಯಾರದು ಎಲ್ಲಕ್ಕಿಂತ ಕಡಿಮೆಯೋ ಅವರಿಗೆ ಟ್ರೋಫಿ. 30 ತಂಡಗಳು ಬಂದಿವೆ ಎನ್ನೋಣ. ಒಂದು ತಂಡ ಎಂಟು ಇವೆಂಟುಗಳಲ್ಲಿ ಚಿನ್ನ ಗೆದ್ದು, ಉಳಿದ ಹದಿನೈದರಲ್ಲಿ 25ನೇ ಸ್ಥಾನಕ್ಕೆ ಜಾರಿತು: ಒಟ್ಟು 383. ಇನ್ನೊಂದು ತಂಡಕ್ಕೆ ಒಂದೂ ಪದಕವಿಲ್ಲ, ಆದರೆ ಎಲ್ಲದರಲ್ಲೂ ಸುಮಾರು ಹತ್ತನೇ ಸ್ಥಾನ: ಒಟ್ಟು 230. ಎರಡನೇ ತಂಡ ಎಷ್ಟೋ ಮುಂದೆ. ಇನ್ನು ಇವೆಂಟಿಗೆ ಹೋಗದೇ ಬಿಟ್ಟರೆ 31. ಹೋಗಿ ಕೂತು ಪ್ರಾಮಾಣಿಕವಾಗಿ ಏನಾದರೂ ಮಾಡಿದರೆ ಎಷ್ಟೇ ಕೆಟ್ಟರೂ 30ಕ್ಕಿಂತ ಹೆಚ್ಚಾಗುವುದಿಲ್ಲ. ಅನರ್ಹಗೊಂಡರೆ 32.

ಹೊಸ ತಂಡಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಜಾಣ ಮಕ್ಕಳನ್ನೆಲ್ಲ ಅವರಿಗಿಷ್ಟವಾದ ಅನಾಟಮಿ, ನಕ್ಷತ್ರ-ಗ್ರಹಗಳಂಥ ವಿಷಯಗಳ ಕಡೆಗೆ ಬಿಟ್ಟು, ಯಾರಿಗೂ ಬೇಡವಾದ ಐದಾರು ಇವೆಂಟುಗಳನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತಾರೆ. ಆ ‘ಆಮೇಲೆ’ ಬರುವುದೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಚಿನ್ನದ ಮಾತೇ ಎತ್ತಬೇಡಿ. 23 ಇವೆಂಟುಗಳಲ್ಲೂ ನಿಯಮಬದ್ಧವಾಗಿ ಹಾಜರಾಗುವುದೇ ಗುರಿಯಾಗಿರಲಿ. ಇದಿಷ್ಟನ್ನು ಮಾಡಿದರೂ ಮೊದಲ ಟೂರ್ನಮೆಂಟಿನಲ್ಲಿಯೇ ಹಲವು ಹಳೆಯ ತಂಡಗಳು ನಿಮಗಿಂತ ಹಿಂದುಳಿಯುತ್ತವೆ.

ಹಂಚಿಕೆಗೆ ಬರೋಣ. ಹೆಚ್ಚಿನ ಇವೆಂಟುಗಳಿಗೆ ಇಬ್ಬರು. ಗುಪ್ತಲಿಪಿ ಬಿಡಿಸುವ ಕೋಡ್‌ಬಸ್ಟರ್ಸ್, ಪ್ರಯೋಗವನ್ನು ತಾವೇ ರೂಪಿಸಿ ಮಾಡುವ ಎಕ್ಸ್‌ಪೆರಿಮೆಂಟಲ್ ಡಿಸೈನಿನಂಥವಕ್ಕೆ ಮೂವರು. ಎಲ್ಲ ಸೇರಿ ಸುಮಾರು 48 ಸೀಟು. 15 ಮಕ್ಕಳಿಗೆ ಭಾಗಿಸಿದರೆ ತಲೆಗೆ ಮೂರು, ಕೆಲವರಿಗೆ ನಾಲ್ಕು. ಗಣಿತ ಇಷ್ಟು ಸುಲಭ, ತೊಡಕಿರುವುದು ವೇಳಾಪಟ್ಟಿಯಲ್ಲಿ. ಇವೆಂಟುಗಳು ಸಾಮಾನ್ಯವಾಗಿ 50 ನಿಮಿಷದವು. ಒಂದೇ ಬ್ಲಾಕಿನಲ್ಲಿ ಮೂರು ನಾಲ್ಕು ಇವೆಂಟುಗಳು ಒಟ್ಟಿಗೆ ನಡೆಯುತ್ತವೆ. ಒಂದೇ ಹೊತ್ತಿನ ಎರಡು ಇವೆಂಟುಗಳಿಗೆ ಒಂದೇ ಮಗುವಿನ ಹೆಸರು ಬರೆದು, ಜನವರಿಯಲ್ಲಿ ಎಚ್ಚೆತ್ತುಕೊಂಡವರು ಬೇಕಾದಷ್ಟು ಜನ. ಹಾಗಾಗಿ ನಿಮ್ಮ ರಾಜ್ಯದ ವೇಳಾಪಟ್ಟಿಯನ್ನು ಮೊದಲು ತರಿಸಿಕೊಳ್ಳಿ. ಕೆಲವು ರಾಜ್ಯಗಳು ಒಂದೆರಡು ಇವೆಂಟುಗಳನ್ನೇ ಬದಲಿಸುವುದುಂಟು, ಅದನ್ನೂ ನೋಡಿಕೊಳ್ಳಿ. ಸ್ಪ್ರೆಡ್‌ಶೀಟಿನಲ್ಲಿ ಬ್ಲಾಕುಗಳನ್ನು ಅಡ್ಡಸಾಲಾಗಿ, ಮಕ್ಕಳ ಹೆಸರನ್ನು ಉದ್ದಸಾಲಾಗಿ ಹಾಕಿ, ಒಂದು ಚೌಕದಲ್ಲಿ ಎರಡು ಇವೆಂಟ್ ಬಿದ್ದರೆ ಕೆಂಪಾಗುವಂತೆ ಸೂತ್ರ ಬರೆಯಿರಿ. ಸಾಫ್ಟ್‌ವೇರಿನವರು ನೀವು, ಇದಕ್ಕೆ ಅರ್ಧ ಗಂಟೆಯೂ ಬೇಡ.

ಜೋಡಿ ಮಾಡುವಾಗ ಇಬ್ಬರು ಅತಿ ಜಾಣರನ್ನು ಒಟ್ಟಿಗೆ ಕೂರಿಸುವ ಆಸೆ ಬರುತ್ತದೆ. ಅದರ ಬದಲು ಎಂಟನೆಯ ತರಗತಿಯ ಒಂದು ಮಗು, ಆರನೆಯ ತರಗತಿಯ ಒಂದು ಮಗು ಎಂದು ಸೇರಿಸಿದರೆ ಮುಂದಿನ ವರ್ಷ ತಂಡ ಖಾಲಿಯಾಗುವುದಿಲ್ಲ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕಟ್ಟುವ ಇವೆಂಟ್ ಕೊಡಬೇಡಿ. ಟೂರ್ನಮೆಂಟುಗಳು ಬಹುತೇಕ ಶನಿವಾರ. ನಮ್ಮವರ ಮನೆಗಳಲ್ಲಿ ವಾರಾಂತ್ಯಕ್ಕೆ ಸಂಗೀತ, ಭರತನಾಟ್ಯ, ಕನ್ನಡ ತರಗತಿ ಎಂದು ಮೊದಲೇ ಹಂಚಿಹೋಗಿರುತ್ತದೆ. ಆ ಮಾತನ್ನು ಸೆಪ್ಟೆಂಬರಿನಲ್ಲೇ ಆಡಿ ಮುಗಿಸಿ.

ಇನ್ನು ನಿಯಮಗಳ ಪುಸ್ತಕ. ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಹೊಸದು ಬರುತ್ತದೆ. ಕಳೆದ ವರ್ಷದ್ದನ್ನು ಯಾರಾದರೂ ಪ್ರೀತಿಯಿಂದ ಕಳಿಸಿದರೆ ಧನ್ಯವಾದ ಹೇಳಿ ಪಕ್ಕಕ್ಕಿಡಿ. ವಿಷಯಗಳು ಸರದಿಯ ಮೇಲೆ ಬದಲಾಗುತ್ತವೆ: ಅನಾಟಮಿಯಲ್ಲಿ ಯಾವ ಅಂಗವ್ಯೂಹ ಎಂಬುದು ಬದಲಾಗುತ್ತದೆ, ಕಲ್ಲು-ಖನಿಜ ಹೋಗಿ ಪಳೆಯುಳಿಕೆ ಬರುತ್ತದೆ, ಸೇತುವೆ ಹೋಗಿ ಗೋಪುರವೋ ಬೂಮಿಲಿವರೋ (ಗೋಡೆಯಿಂದ ಮುಂದಕ್ಕೆ ಚಾಚಿ ಭಾರ ಹೊರುವ ರಚನೆ) ಬರುತ್ತದೆ. ಇವೆಂಟಿನ ಹೆಸರು ಅದೇ ಇದ್ದರೂ ಒಂದು ಅಳತೆ ಬದಲಾಗಿರಬಹುದು. ಪುಸ್ತಕ ಅಚ್ಚಾದ ಮೇಲೂ ಅಧಿಕೃತ ಜಾಲತಾಣದಲ್ಲಿ ತಿದ್ದುಪಡಿ, ಸ್ಪಷ್ಟೀಕರಣಗಳು ಬರುತ್ತಲೇ ಇರುತ್ತವೆ. ಅವನ್ನು ವಾರಕ್ಕೊಮ್ಮೆ ನೋಡುವ ಕೆಲಸವನ್ನು ಒಂದು ಮಗುವಿಗೇ ವಹಿಸಿ. ತಪ್ಪು ಹುಡುಕುವುದರಲ್ಲಿ ಖುಷಿ ಪಡುವ ಹುಡುಗನೋ ಹುಡುಗಿಯೋ ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ, ಅವರಿಗೆ ಕೊಡಿ.

ನಿಯಮಗಳನ್ನು ನೀವು ಓದಿ ಮಕ್ಕಳಿಗೆ ವಿವರಿಸಬೇಡಿ. ಅವರೇ ಓದಿ ನಿಮಗೆ ವಿವರಿಸಲಿ. ಪ್ರತಿ ಜೋಡಿ ತನ್ನ ಇವೆಂಟಿಗೆ ಒಂದು ಪುಟದ ಪಟ್ಟಿ ಮಾಡಲಿ: ಕಡ್ಡಾಯವಾಗಿ ತರಬೇಕಾದದ್ದು, ಬೇಕಿದ್ದರೆ ತರಬಹುದಾದದ್ದು, ತರಲೇಬಾರದ್ದು, ಅಂಕ ಹೇಗೆ ಬರುತ್ತದೆ, ಸಮ ಬಂದರೆ ಏನು ನೋಡಿ ತೀರ್ಮಾನಿಸುತ್ತಾರೆ. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಆದರೆ ಆ ಇವೆಂಟ್ ಬರೆದವರ ಕಣ್ಣಿಗೆ ಯಾವುದು ಮುಖ್ಯ ಎಂಬುದು ಅಲ್ಲೇ ಗೊತ್ತಾಗುವುದು. ಆಮೇಲೆ ಬೇರೊಂದು ಜೋಡಿ ಆ ಪಟ್ಟಿಯನ್ನು ಮೂಲ ನಿಯಮದ ಜೊತೆ ಇಟ್ಟು ತಪ್ಪು ಹಿಡಿಯಲಿ. ಎರಡು ವಾರದಲ್ಲಿ ಮಕ್ಕಳು ವಕೀಲರಂತೆ ವಾದಿಸತೊಡಗುತ್ತಾರೆ. ಮನೆಯಲ್ಲೂ ಶುರುಮಾಡುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು.

ಪುಸ್ತಕದ ಮೊದಲಿಗೆ ಬರುವ ಸಾಮಾನ್ಯ ನಿಯಮಗಳನ್ನು ಹಾರಿಸಿ ಮುಂದೆ ಹೋಗಬೇಡಿ. ಅವುಗಳ ಸಾರ ಇಷ್ಟು: ನಿಯಮದಲ್ಲಿ ಸ್ಪಷ್ಟವಾಗಿ ನಿಷೇಧಿಸದ, ಅಪಾಯಕಾರಿಯಲ್ಲದ, ಸ್ಪರ್ಧೆಯ ಆಶಯಕ್ಕೆ ವಿರುದ್ಧವಾಗದ ಯಾವುದಕ್ಕೂ ಅವಕಾಶವಿದೆ. ಮಕ್ಕಳ ಜಾಣತನಕ್ಕೆ ಇದು ಬಾಗಿಲು ತೆರೆಯುತ್ತದೆ. ಇನ್ನೊಂದು ಕಡೆ, ಸ್ಪರ್ಧೆಯ ಜಾಗಕ್ಕೆ ಕಾಲಿಟ್ಟ ಮೇಲೆ ಹೊರಗಿನವರಿಂದ ಒಂದು ಪೆನ್ಸಿಲ್ಲೂ ತೆಗೆದುಕೊಳ್ಳುವಂತಿಲ್ಲ, ಒಂದು ಮಾತೂ ಕೇಳುವಂತಿಲ್ಲ. ಕಿಟಕಿಯಾಚೆ ನಿಂತು ಕೈಸನ್ನೆ ಮಾಡುವ ಅಪ್ಪಂದಿರಿಗೆ ಇದನ್ನು ಮೊದಲೇ ತಿಳಿಸಿ. ಕ್ಯಾಲ್ಕುಲೇಟರಿಗೂ ವರ್ಗಗಳಿವೆ: ಬರೀ ಕೂಡಿಸಿ ಕಳೆಯುವ ಸಾದಾ ಯಂತ್ರ, ಸೈಂಟಿಫಿಕ್, ಗ್ರಾಫಿಂಗ್. ಯಾವ ಇವೆಂಟಿಗೆ ಯಾವುದು ಎಂದು ಬರೆದಿರುತ್ತದೆ. ಫೋನಿನ ಕ್ಯಾಲ್ಕುಲೇಟರ್ ಯಾವುದಕ್ಕೂ ಸಲ್ಲದು. ಕಣ್ಣಿನ ರಕ್ಷಣೆಗೂ ಹಾಗೇ: ರಸಾಯನಶಾಸ್ತ್ರದ ಇವೆಂಟಿಗೆ ಮುಖಕ್ಕೆ ಒತ್ತಿ ಕೂರುವ, ಪರೋಕ್ಷ ಗಾಳಿಕಿಂಡಿಯ ಗಾಗಲ್ಸೇ ಬೇಕು, ಕಟ್ಟುವ ಇವೆಂಟಿಗೆ ಸಾದಾ ಸುರಕ್ಷತಾ ಕನ್ನಡಕ ಸಾಕು. ಎರಡರ ಮೇಲೂ ಝಡ್87 (Z87) ಎಂಬ ಸುರಕ್ಷತೆಯ ಗುರುತು ಇದೆಯೇ ನೋಡಿ ಕೊಳ್ಳಿ. ಸರಿಯಾದದ್ದು ಇಲ್ಲದಿದ್ದರೆ ಲ್ಯಾಬಿನ ಕೆಲಸ ಮಾಡಲು ಬಿಡುವುದಿಲ್ಲ.

ಓದುವ ಇವೆಂಟುಗಳಲ್ಲಿ ಕೆಲವಕ್ಕೆ ಒಂದೇ ಒಂದು ಹಾಳೆ ಒಯ್ಯಬಹುದು, ಎರಡೂ ಬದಿಯಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ಕೆಲವಕ್ಕೆ ಇಡೀ ಬೈಂಡರ್. ಕೋಡ್‌ಬಸ್ಟರ್ಸಿಗೆ ಏನೂ ಇಲ್ಲ. ಬೇಕಾದ ಕೋಷ್ಟಕವನ್ನು ಅವರೇ ಕೊಡುತ್ತಾರೆ. ಹಾಳೆ ಮಾಡುವಾಗ ಮಕ್ಕಳು ಮಾಡುವ ಮೊದಲ ಕೆಲಸ ಇಂಟರ್ನೆಟ್ಟಿನಿಂದ ಎಲ್ಲವನ್ನೂ ಎತ್ತಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಿಸುವುದು. ಪರೀಕ್ಷೆಯಲ್ಲಿ ಅದನ್ನು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಮೊದಲ ಹಾಳೆಯನ್ನು ಕೈಯಲ್ಲೇ ಬರೆಸಿ. ಪ್ರತಿ ಅಭ್ಯಾಸ ಪರೀಕ್ಷೆಯಾದ ಮೇಲೆ, ಹಾಳೆಯಲ್ಲಿ ಹುಡುಕಿ ಸಿಗದೇ ಹೋದದ್ದನ್ನು ಸೇರಿಸಲಿ, ಮೂರು ಪರೀಕ್ಷೆಗಳಲ್ಲಿ ಒಮ್ಮೆಯೂ ಕಣ್ಣು ಹಾಯಿಸದ ಭಾಗವನ್ನು ಹೊಡೆದುಹಾಕಲಿ. ಜನವರಿಯ ಹೊತ್ತಿಗೆ ಹಾಳೆ ಅರ್ಧಕ್ಕರ್ಧ ತಲೆಯೊಳಗೆ ಇಳಿದಿರುತ್ತದೆ.

ಪ್ರಶ್ನೆಪತ್ರಿಕೆ ಬೇಕೆಂದೇ ಉದ್ದವಾಗಿರುತ್ತದೆ, ಮುಗಿಸುವವರು ಕಡಿಮೆ. ಶಾಲೆಯಲ್ಲಿ ನೂರಕ್ಕೆ ತೊಂಬತ್ತೈದು ತೆಗೆದು ರೂಢಿಯಾದ ಮಕ್ಕಳು ಮೊದಲ ಸಲ ಅಳುವುದುಂಟು. ಅರ್ಧಕ್ಕೆ ಸರಿಯುತ್ತರ ಬರೆದವರೂ ಪದಕ ಪಡೆಯುತ್ತಾರೆಂದು ಮೊದಲೇ ಹೇಳಿಡಿ. ಪತ್ರಿಕೆಯನ್ನು ಇಬ್ಬರೂ ಹಂಚಿಕೊಂಡು ಬರೆಯುವ ಅಭ್ಯಾಸ ಬೇಕು. ಪಿನ್ನು ಬಿಚ್ಚಬಹುದೇ ಎಂದು ಮೇಲ್ವಿಚಾರಕರನ್ನು ಕೇಳಬೇಕು, ಖಾಲಿ ಏನನ್ನೂ ಬಿಡಬಾರದು, ಏಕಮಾನ ಮರೆಯಬಾರದು.

ನಮ್ಮವರ ಮಕ್ಕಳಿಗೆ ನಾವು ವಿಶೇಷವಾಗಿ ಏನಾದರೂ ಕೊಡಬಹುದಾದರೆ ಅದು ಡಿಸೀಸ್ ಡಿಟೆಕ್ಟಿವ್ಸಿನಲ್ಲಿ. ರೋಗ ಹರಡಿದ್ದನ್ನು ಪತ್ತೆ ಮಾಡುವ ವಿದ್ಯೆ ಇದು. ಪಠ್ಯಗಳೆಲ್ಲ 1854ರ ಲಂಡನ್ನಿನ ಕಾಲರಾ, ಅದರ ಮೂಲ ಹುಡುಕಿದ ವೈದ್ಯ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಶುರುವಾಗುತ್ತವೆ. ಅದನ್ನು ಹೇಳಿದ ಮೇಲೆ 1957ರ ಶಿವಮೊಗ್ಗ ಜಿಲ್ಲೆಗೆ ಕರೆತನ್ನಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಅಕ್ಕಪಕ್ಕದ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಮಂಗಗಳು ಸತ್ತದ್ದರಿಂದ ಮೊದಲಿಗೆ ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂಬ ಅನುಮಾನ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿ ನೋಡಿದರೆ ಅದು ಉಣ್ಣೆಹುಳ (ಟಿಕ್) ಕಚ್ಚಿ ಹರಡುವ ಹೊಸ ವೈರಸ್. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ.

ಈಗ ಮಕ್ಕಳನ್ನು ಕೇಳಿ: ಯಾರನ್ನು ರೋಗಿ ಎಂದು ಎಣಿಸುತ್ತೀರಿ? ಬರೀ ಜ್ವರ ಸಾಕೋ, ಕಾಡಿಗೆ ಹೋಗಿಬಂದಿರಲೂ ಬೇಕೋ? ಸೌದೆಗೋ ಸೊಪ್ಪಿಗೋ ಹೋದವರಲ್ಲಿ ಎಷ್ಟು ಮಂದಿಗೆ ಬಂತು, ಹೋಗದವರಲ್ಲಿ ಎಷ್ಟು ಮಂದಿಗೆ? ಸಂಖ್ಯೆಗಳನ್ನು ನೀವೇ ಕಲ್ಪಿಸಿ ಕೊಟ್ಟು ನಾಲ್ಕು ಮನೆಯ ಕೋಷ್ಟಕ ಹಾಕಿಸಿ, ರಿಲೇಟಿವ್ ರಿಸ್ಕ್ (ಎರಡು ಗುಂಪುಗಳಲ್ಲಿ ರೋಗ ಬರುವ ಅಪಾಯದ ಅನುಪಾತ), ಆಡ್ಸ್ ರೇಶಿಯೋ (ರೋಗಿಗಳಲ್ಲೂ ರೋಗವಿಲ್ಲದವರಲ್ಲೂ ಕಾಡಿಗೆ ಹೋದವರು-ಹೋಗದವರ ಪ್ರಮಾಣದ ಹೋಲಿಕೆ) ಎರಡನ್ನೂ ತೆಗೆಸಿ. ಯಾವ ಸಂದರ್ಭಕ್ಕೆ ಯಾವುದು ಎಂಬ ಗೊಂದಲದಲ್ಲೇ ಹೆಚ್ಚು ಅಂಕ ಹೋಗುವುದು: ಒಂದು ಗುಂಪನ್ನು ಮೊದಲಿನಿಂದ ಹಿಂಬಾಲಿಸಿದ್ದರೆ ಮೊದಲನೆಯದು, ರೋಗಿಗಳನ್ನು ಆರಿಸಿಕೊಂಡು ಹಿಂದಿನದನ್ನು ಕೆದಕಿದ್ದರೆ ಎರಡನೆಯದು. ಅಜ್ಜನ ಊರಿನ ಕಥೆಯಲ್ಲಿ ಕಲಿತದ್ದನ್ನು ಮಕ್ಕಳು ಮರೆಯುವುದಿಲ್ಲ.

ರೈಟ್ ಇಟ್ ಡೂ ಇಟ್ ಇನ್ನೊಂದು. ಒಬ್ಬರು ಕಣ್ಣೆದುರಿನ ವಿಚಿತ್ರ ರಚನೆಯನ್ನು ಬರೀ ಮಾತಿನಲ್ಲಿ ಬರೆಯಬೇಕು, ಚಿತ್ರ ಬಿಡಿಸುವಂತಿಲ್ಲ. ಇನ್ನೊಬ್ಬರು ಬೇರೆ ಕೋಣೆಯಲ್ಲಿ ಆ ಬರಹವನ್ನಷ್ಟೇ ಓದಿ ಅದನ್ನು ಮತ್ತೆ ಕಟ್ಟಬೇಕು. ಅಭ್ಯಾಸಕ್ಕೆ ರಂಗೋಲಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ‘ಏಳು ಚುಕ್ಕಿ, ನಾಲ್ಕರವರೆಗೆ, ಮಧ್ಯಚುಕ್ಕಿ’ ಎಂದು ಅಜ್ಜಿ ಹೇಳಿದಷ್ಟರಿಂದಲೇ ಇಡೀ ಚೌಕಟ್ಟು ಬರುತ್ತದಲ್ಲ, ಆ ಕ್ರಮ ಮಕ್ಕಳಿಗೆ ಬರಬೇಕು: ಮೊದಲು ಒಟ್ಟು ಆಕಾರ, ಆಮೇಲೆ ದಿಕ್ಕು, ಆಮೇಲೆ ಒಂದೊಂದು ಭಾಗ. ತಂಡದ ಬೇರೆ ಮಕ್ಕಳಿಗೂ ಇದನ್ನೇ ಕೊಡಿ, ರಂಗೋಲಿ ಕಂಡೇ ಇಲ್ಲದವರು ಇನ್ನೂ ಚೆನ್ನಾಗಿ ಬರೆಯುತ್ತಾರೆ.

ಎಕ್ಸ್‌ಪೆರಿಮೆಂಟಲ್ ಡಿಸೈನ್ ಬಗ್ಗೆ ಒಂದೇ ಮಾತು: ಅಂಕ ಕೊಡುವ ಪಟ್ಟಿಯನ್ನು ಅವರೇ ಪ್ರಕಟಿಸಿರುತ್ತಾರೆ, ಅದನ್ನು ಮಕ್ಕಳು ಬಾಯಿಪಾಠ ಮಾಡಲಿ.

ಈಗ ನಿಮ್ಮ ಗರಗಸದ ಭಯ. ಕಟ್ಟುವ ಇವೆಂಟುಗಳ ಸಾಧನವನ್ನು ತಂಡದ ಮಕ್ಕಳೇ ಮಾಡಬೇಕು, ದೊಡ್ಡವರು ಕೈ ಹಾಕುವಂತಿಲ್ಲ. ಎಂದಮೇಲೆ ನಿಮಗೆ ಗರಗಸ ಬಾರದಿರುವುದು ಒಂದು ರೀತಿಯಲ್ಲಿ ಅನುಕೂಲವೇ. ಮೆಕ್ಯಾನಿಕಲ್ ಇಂಜಿನಿಯರ್ ಅಪ್ಪ ಒಬ್ಬರಿದ್ದರೆ ಎಷ್ಟು ಕಷ್ಟ ಎಂದು ಹಳೆಯ ಕೋಚುಗಳನ್ನು ಕೇಳಿ ನೋಡಿ. ರಾತ್ರಿ ಹನ್ನೊಂದಕ್ಕೆ ‘ಸ್ವಲ್ಪ ಸರಿ ಮಾಡಿಕೊಟ್ಟೆ ಅಷ್ಟೇ’ ಎನ್ನುತ್ತಾರೆ. ಟೂರ್ನಮೆಂಟಿನಲ್ಲಿ ಅದು ಮುರಿದಾಗ ಮಗುವಿಗೆ ಜೋಡಿಸಲು ಬರುವುದಿಲ್ಲ.

ನೀವು ಕಲಿಸಬೇಕಾದದ್ದು ಅಳೆಯುವುದನ್ನು, ದಾಖಲಿಸುವುದನ್ನು. ಗೋಪುರ, ಸೇತುವೆ, ಬೂಮಿಲಿವರಿನಲ್ಲಿ ಅಂಕ ಸಿಗುವುದು ಹೊತ್ತ ಭಾರವನ್ನು ರಚನೆಯ ತೂಕದಿಂದ ಭಾಗಿಸಿ. ಈಚಿನ ನಿಯಮಗಳಲ್ಲಿ ಗರಿಷ್ಠ ಭಾರ 15 ಕಿಲೊ. ಬಕೆಟ್ಟಿಗೆ ಮರಳು ಸುರಿಯುತ್ತಾ ಹೋಗುತ್ತಾರೆ. 15 ಕಿಲೊ ಹೊತ್ತ 10 ಗ್ರಾಂ ಗೋಪುರಕ್ಕೆ 1,500 ಆದರೆ, 8 ಗ್ರಾಮಿನದಕ್ಕೆ 1,875. ಆ ಎರಡು ಗ್ರಾಂ ಎಲ್ಲಿಂದ ಉಳಿಸುವುದು? ಬಾಲ್ಸಾ ಮರದ ಕಡ್ಡಿಗಳು ನೋಡಲು ಒಂದೇ ಅಳತೆ, ತೂಗಿದರೆ ಒಂದು ಇನ್ನೊಂದರ ಎರಡು ಪಟ್ಟು. ಹಾಗಾಗಿ ಗ್ರಾಮಿನ ನೂರರ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಕೊಂಡು, ಪ್ರತಿ ಕಡ್ಡಿಯನ್ನೂ ತೂಗಿ ವಿಂಗಡಿಸಿಡಲಿ. ಒತ್ತಡ ಬೀಳುವ ಕಾಲುಗಳಿಗೆ ಗಟ್ಟಿಯದು, ಅಡ್ಡಪಟ್ಟಿಗಳಿಗೆ ಹಗುರದ್ದು. ಮರ ಗಾಳಿಯ ತೇವ ಹೀರಿ ತೂಕ ಏರುತ್ತದೆ. ಮಾಡಿಟ್ಟ ರಚನೆಯನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಮುರಿಯುವವರೆಗೂ ಭಾರ ಹಾಕಿ ಪರೀಕ್ಷಿಸುವಾಗ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ, ಮೊದಲು ಬಿಟ್ಟುಕೊಂಡ ಜೋಡಣೆ ಯಾವುದೆಂದು ಕಾಣುತ್ತದೆ. ಮುಂದಿನದರಲ್ಲಿ ಅದೊಂದನ್ನೇ ಬದಲಿಸಬೇಕು, ಒಟ್ಟಿಗೆ ಮೂರನ್ನಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ನೀವು ದಿನವೂ ಮಾಡುವುದು ಇದನ್ನೇ. ರಬ್ಬರಿನಿಂದ ಹಾರುವ ವಿಮಾನ, ಹೆಲಿಕಾಪ್ಟರುಗಳಿಗೂ ಗಾಡಿಗಳಿಗೂ ಈ ದಾಖಲೆ ಬರೀ ಒಳ್ಳೆಯ ಅಭ್ಯಾಸವಲ್ಲ. ಎಷ್ಟೋ ಸಲ ನಿಯಮವೇ ಲಾಗ್ ಕೇಳುತ್ತದೆ, ತರದಿದ್ದರೆ ಪೆಟ್ಟು ಬೀಳುತ್ತದೆ.

ಇನ್ನೂ ಒಂದು ಮುಖ್ಯ ವಿಷಯವಿದೆ. ಅಳತೆಯೋ ಸಾಮಗ್ರಿಯೋ ನಿಯಮ ಮೀರಿದರೆ ಒಂದೆರಡು ಅಂಕ ಕಳೆಯುವುದಲ್ಲ, ನಿಮ್ಮ ಸಾಧನವನ್ನು ಕೆಳಗಿನ ಟಿಯರ್ ಎಂಬ ಬೇರೆ ಸಾಲಿಗೆ ಹಾಕುತ್ತಾರೆ. ಆಮೇಲೆ ಅದು ಎಷ್ಟೇ ಚೆನ್ನಾಗಿ ಓಡಿದರೂ, ನಿಯಮ ಪಾಲಿಸಿದ ಅತಿ ದುರ್ಬಲ ಸಾಧನಕ್ಕಿಂತಲೂ ಹಿಂದೆಯೇ. ಕೆಲವು ಸಾಧನಗಳನ್ನು ಬೆಳಿಗ್ಗೆಯೇ ನಿಗದಿತ ಗಂಟೆಯೊಳಗೆ ಒಪ್ಪಿಸಿಬಿಡಬೇಕು. ಇದಕ್ಕೆ ಇಂಪೌಂಡ್ ಎನ್ನುತ್ತಾರೆ. ತಡವಾದರೆ ಅದಕ್ಕೂ ಶಿಕ್ಷೆಯಿದೆ. ಹೊರಡುವ ಹಿಂದಿನ ರಾತ್ರಿ ಮಕ್ಕಳೇ ಸ್ಕೇಲು ಹಿಡಿದು, ಪಟ್ಟಿ ಇಟ್ಟುಕೊಂಡು, ಪರಸ್ಪರರ ಸಾಧನವನ್ನು ಕಟುವಾಗಿ ತಪಾಸಣೆ ಮಾಡಲಿ.

ಋತುವಿನ ಲೆಕ್ಕ ಹೀಗಿರುತ್ತದೆ: ಶರತ್ಕಾಲದಿಂದ ಚಳಿಗಾಲದವರೆಗೆ ಇನ್ವಿಟೇಶನಲ್ (ಅಭ್ಯಾಸದ ಟೂರ್ನಮೆಂಟ್), ಆಮೇಲೆ ರೀಜನಲ್ (ಪ್ರಾದೇಶಿಕ ಮಟ್ಟ), ವಸಂತದಲ್ಲಿ ರಾಜ್ಯಮಟ್ಟ, ಮೇ ತಿಂಗಳಲ್ಲಿ ರಾಷ್ಟ್ರೀಯ. ರೀಜನಲ್ಲಿಗೆ ಮೊದಲು ಒಂದಾದರೂ ಇನ್ವಿಟೇಶನಲ್ಲಿಗೆ ಹೋಗಿಬನ್ನಿ, ದೂರವಾದರೆ ಆನ್‌ಲೈನಿನದ್ದಾದರೂ ಆಗಬಹುದು. ಅಲ್ಲಿ ಯಾವ ಸ್ಥಾನ ಬಂತು ಎನ್ನುವುದು ಮುಖ್ಯವಲ್ಲ. ಮಕ್ಕಳು ಕೋಣೆ ಹುಡುಕುವುದು, ಊಟದ ಹೊತ್ತು ಹೊಂದಿಸುವುದು, ಗಾಗಲ್ಸ್ ಮರೆತು ಓಡುವುದು ಎಲ್ಲವೂ ಅಲ್ಲೇ ಆಗಿಹೋಗಲಿ.

ಮಗಳ ವಿಷಯ. ಆಯ್ಕೆಯ ಮಾತು ಬಂದಾಗ ನೀವು ಕೋಣೆಯಲ್ಲಿರಬೇಡಿ. ಅಕ್ಟೋಬರಿನಲ್ಲಿ ಪ್ರತಿ ಇವೆಂಟಿಗೂ ಒಂದು ಸಣ್ಣ ಪರೀಕ್ಷೆ ಇಡಲಿ, ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇರಲಿ, ತಿದ್ದುವುದು, ಪಟ್ಟಿ ಮಾಡುವುದು ಟೀಚರ್ ಕೆಲಸ. ಅವಳ ಮೂರು ಇವೆಂಟುಗಳು ಗೊತ್ತಾದ ಮೇಲೆ, ಅವು ಮೂರನ್ನೂ ಬಿಟ್ಟು ಉಳಿದವಕ್ಕೆ ನೀವು ಕೋಚ್ ಆಗಿ. ಅವಳದ್ದಕ್ಕೆ ಬೇರೆ ಮಗುವಿನ ಅಪ್ಪನೋ ಅಮ್ಮನೋ ಬರಲಿ. ಇದನ್ನು ಮೊದಲ ಪೋಷಕರ ಸಭೆಯಲ್ಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಪಿಸುಗುಟ್ಟುವುದಿಲ್ಲ. ಅವಳು 15ರೊಳಗೆ ಬರದೇ ಹೋದರೆ? ಶಾಲೆಯಿಂದ ಎರಡನೇ ತಂಡ ಕಳಿಸಲು ನಿಮ್ಮ ರಾಜ್ಯದಲ್ಲಿ ಅವಕಾಶವಿದೆಯೇ ಎಂದು ರಾಜ್ಯದ ನಿರ್ದೇಶಕರಿಗೆ ಇಮೇಲ್ ಬರೆದು ಕೇಳಿ. ನೋಂದಣಿಗೆ ಕೊನೆಯ ದಿನ ಇರುವುದರಿಂದ ಈ ವಾರವೇ ಕೇಳುವುದು ಒಳ್ಳೆಯದು.